‘ನಿನ್’ ಎಂದರೆ ನೀವು

ಕಚೇರಿಯ ಊಟದ ಕೋಣೆಯಲ್ಲಿ ಹುಳಿಯನ್ನದ ಡಬ್ಬಿ ಹಿಡಿದುಕೊಂಡು ಮೈಕ್ರೋವೇವ್ ಮುಂದೆ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಹುಡುಗಿ ಅದರ ಬಾಗಿಲು ತೆಗೆದಳು, ಆ ವಾಸನೆ ಬಂತು. ಕುರಿಯ ಕೊಬ್ಬಿನಲ್ಲಿ ಹುರಿದ ಜೀರಿಗೆ, ಮೇಲೆ ಒಣಮೆಣಸಿನಕಾಯಿ. ಚೀನಾದವಳು, ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದವಳು. ನನ್ನ ಮುಖ ನೋಡಿ, “ವಾಸನೆ ಜಾಸ್ತಿಯಾಯಿತೇನೋ, ಸಾರಿ” ಎಂದಳು. ಜೀರಿಗೆ ವಾಸನೆಗೆ ಮೈಸೂರಿನವನ ಹತ್ತಿರ ಸಾರಿ ಕೇಳುವುದೇ! ಹಾಗೇನಿಲ್ಲ ಎಂದು ನಕ್ಕೆ. ಆದರೆ ಅವತ್ತು ಡಬ್ಬಿಯನ್ನು ಬಿಸಿ ಮಾಡದೆ ಹಾಗೇ ಮುಚ್ಚಿಟ್ಟೆ.

ಹೊರಗೆ ಸ್ವೀಡನ್ನಿನ ಉಪ್ಸಾಲಾ ಊರಿನ ನವೆಂಬರ್. ಸೈಕಲ್ ಸೀಟೆಲ್ಲ ಒದ್ದೆ, ಆಕಾಶಕ್ಕೆ ನೆಲ ಒರೆಸಿದ ಬಟ್ಟೆಯ ಬಣ್ಣ, ಮೂರು ಗಂಟೆಗೇ ಕತ್ತಲೆ. ಈ ತಿಂಗಳಲ್ಲಿ ಎದ್ದು ಕೆಲಸಕ್ಕೆ ಬರುವುದೇ ಒಂದು ಸಾಹಸ. ಇಂಥ ಹೊತ್ತಿನಲ್ಲಿ ಹಳೆಯದೆಲ್ಲ ನೆನಪಿಗೆ ಬರಬಾರದು. ಬಂದರೆ ಹೊರಗೆ ಕಳಿಸುವ ಶಕ್ತಿ ಇರುವುದಿಲ್ಲ.

ಆ ವಾಸನೆ ನನ್ನ ಪಾಲಿಗೆ ಚೀನಾದ ಶಿಯಾನ್ ನಗರದ್ದು. ಏಳು ವರ್ಷದ ಹಿಂದೆ ಒಂದು ಶರತ್ಕಾಲದಲ್ಲಿ ನಾನು ಅಲ್ಲಿದ್ದೆ. ನನ್ನ ಕೆಲಸ ಔಷಧ ಕಾರ್ಖಾನೆಗಳಿಗೆ ಹೋಗಿ ಯಂತ್ರ ಕೂರಿಸಿ, ಅದು ಸರಿಯಾಗಿ ನಡೆಯುತ್ತದೆಂದು ತೋರಿಸಿ, ಕಾಗದಕ್ಕೆ ಸಹಿ ಹಾಕಿ ಬರುವುದು. ಆ ಸಲ ಆರು ವಾರ ಎಂದರು. ಒಲ್ಲೆ ಎನ್ನುವಂತಿರಲಿಲ್ಲ. ತೊಂದರೆ ಏನೆಂದರೆ ಅಪ್ಪ ಆಗ ನಮ್ಮ ಮನೆಯಲ್ಲಿದ್ದರು. ಅಮ್ಮ ಹೋದ ಮೇಲೆ ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿದ್ದವರು ಮೂರು ತಿಂಗಳ ವೀಸಾದಲ್ಲಿ ಮೊಮ್ಮಗಳನ್ನು ನೋಡಲು ಬಂದಿದ್ದರು. ಬಂದು ಇನ್ನೂ ಒಂದು ತಿಂಗಳೂ ಆಗಿರಲಿಲ್ಲ.

ಅಪ್ಪ ಡ್ರಾಫ್ಟ್ಸ್‌ಮನ್. ಮೂವತ್ತೈದು ವರ್ಷ ಉತ್ಖನನದ ಶಿಬಿರಗಳಲ್ಲಿ ಕೂತು ಮಡಕೆ ಚೂರುಗಳ ಚಿತ್ರ ಬರೆದವರು. ಬರಿ ಚೂರಿನ ಚಿತ್ರವಲ್ಲ. ಚೂರನ್ನು ಗ್ರಾಫ್ ಹಾಳೆಯ ಮೇಲಿಟ್ಟು, ಅದರ ಅಂಚಿನ ಬಾಗು ಅಳೆದು, ಇಡೀ ಮಡಕೆ ಹೇಗಿದ್ದಿರಬೇಕು ಎಂದು ಬರೆಯುವುದು. “ಬಾಯಿಯ ಅಂಚು ಒಂದಿಷ್ಟು ಸಿಕ್ಕರೆ ಸಾಕು ಕಣೋ, ಮಿಕ್ಕಿದ್ದೆಲ್ಲ ತಾನಾಗೇ ಬರುತ್ತೆ” ಎನ್ನುತ್ತಿದ್ದರು. ನಮ್ಮ ಮನೆಯ ಹಂಚಿನ ದೋಸೆ ಹರಿದರೂ ತುಂಡನ್ನು ತಟ್ಟೆಯಲ್ಲಿ ತಿರುಗಿಸಿ ತಿರುಗಿಸಿ ನೋಡುವ ಮನುಷ್ಯ. ಶಿಯಾನ್ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, “ರಾಜನ ಸಮಾಧಿ ಕಾಯೋಕೆ ಹೂತಿಟ್ಟಿದ್ದ ಮಣ್ಣಿನ ಸೈನಿಕರ ಊರಲ್ವೇನೋ ಅದು? ನಾನೂ ಬರ್ತೀನಿ” ಎಂದರು. ಅವರ ಸ್ವೀಡನ್ ವೀಸಾ ಒಂದೇ ಸಲದ್ದು, ಹೊರಗೆ ಹೋದರೆ ವಾಪಸ್ ಬರುವಂತಿಲ್ಲ, ಅಲ್ಲಿಂದ ನೇರ ಬೆಂಗಳೂರಿಗೇ ಹೋಗಬೇಕು ಎಂದೆಲ್ಲ ಹೇಳಿ ನೋಡಿದೆ. “ಹೋದ್ರಾಯ್ತು. ಇಲ್ಲಿ ನೋಡೋಕ್ ಏನಿದೆ, ಬರೀ ಮರ” ಎಂದರು. ಅವರ ಚೀನಾ ವೀಸಾಕ್ಕಾಗಿ ಎರಡು ಸಲ ಸ್ಟಾಕ್‌ಹೋಮಿಗೆ ಓಡಿದೆ. ಎರಡು ಸಲವೂ ಗೊಣಗಿಕೊಂಡೇ ಓಡಿದೆ.

ಇನ್ನೊಂದು ಮಾತು ಇಲ್ಲಿಯೇ ಹೇಳಬೇಕು. ನಮ್ಮ ಮನೆಯಲ್ಲಿ ಅಮ್ಮನಿಗೆ ನೀನು, ಅಪ್ಪನಿಗೆ ನೀವು. ಅದು ಭಯವೂ ಅಲ್ಲ, ಅಂತರವೂ ಅಲ್ಲ, ರೂಢಿ. ಸ್ವೀಡನ್ನಿನಲ್ಲಿ ಈ ಗೋಜೇ ಇಲ್ಲ. ಮೇಲಧಿಕಾರಿಗೂ ‘ದು’, ಡಾಕ್ಟರಿಗೂ ‘ದು’, ಮಂತ್ರಿಗೂ ‘ದು’. ಎಲ್ಲರೂ ನೀನು. ಇಲ್ಲಿಯೇ ಹುಟ್ಟಿದ ನನ್ನ ಮಗಳು ಇಳಾಗೆ ಆಗ ಎಂಟು ವರ್ಷ. ಅವಳು ಸ್ವೀಡಿಶ್‌ನಲ್ಲಿ ಯೋಚಿಸಿ ಕನ್ನಡದಲ್ಲಿ ಒಪ್ಪಿಸುವವಳು. “ಅಜ್ಜ, ನೀನು ಬಾ, ನೀನು ಇಲ್ಲಿ ಕೂತ್ಕೊ” ಎನ್ನುತ್ತಿದ್ದಳು. ಅಪ್ಪನಿಗೆ ಅದು ಪಾಯಸ ಕುಡಿದಷ್ಟು ಖುಷಿ. ನಾನು ಮಾತ್ರ ಪ್ರತಿ ಸಲ ತಡೆದು, “ಅಜ್ಜನಿಗೆ ಹಾಗನ್ನಬಾರದು, ನೀವು ಅನ್ಬೇಕು” ಎಂದು ತಿದ್ದುತ್ತಿದ್ದೆ. ದೊಡ್ಡ ಸಂಸ್ಕಾರವಂತ ನಾನು!

ಶಿಯಾನ್‌ನಲ್ಲಿ ನಮ್ಮನ್ನು ಕರೆದೊಯ್ಯಲು ವಿಮಾನ ನಿಲ್ದಾಣಕ್ಕೆ ಬಂದವಳು ಲಿನ್, ಕಾರ್ಖಾನೆಯ ಎಂಜಿನಿಯರು, ಮೂವತ್ತರ ಒಳಗಿನ ಹುಡುಗಿ. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ನನ್ನ ಕೈಕುಲುಕಿ “ನೀ ಹಾವ್” ಎಂದಳು. ಅಪ್ಪನ ಮುಂದೆ ತಲೆ ತಗ್ಗಿಸಿ “ನಿನ್ ಹಾವ್” ಎಂದಳು. ಅಪ್ಪ ಹುಬ್ಬು ಗಂಟಿಕ್ಕಿದರು.

“ಏನಂತಾಳೋ ಇವಳು? ನನ್ನ ಹಾವು ಯಾವುದು?”

ನಮಸ್ಕಾರ ಅಂತ ಅರ್ಥ ಎಂದೆ. ಅಷ್ಟಕ್ಕೆ ಬಿಡಲಿಲ್ಲ. ಕಾರಿನಲ್ಲಿ ಕೂತಾಗಲೂ, ಸೀಟಿನ ಬೆಲ್ಟ್ ಹಾಕಿಸುವಾಗಲೂ ಅವಳು ಅಪ್ಪನೊಡನೆ ಚೀನೀ ಭಾಷೆಯಲ್ಲೇ ಮಾತಾಡುತ್ತ ‘ನಿನ್, ನಿನ್’ ಎನ್ನುತ್ತಲೇ ಇದ್ದಳು. “ಮುಖ ಪರಿಚಯ ಇಲ್ಲ, ಇಷ್ಟು ವಯಸ್ಸಾದವನನ್ನ ನೀನು ನೀನು ಅಂತಿದ್ದಾಳಲ್ಲಯ್ಯ” ಎಂದು ಅಪ್ಪ ಕಿಟಕಿಯ ಕಡೆ ತಿರುಗಿ ಕೂತರು. ಕೊನೆಗೆ ನಾನು ಲಿನ್‌ಳನ್ನೇ ಕೇಳಿದೆ. ಅವಳು ವಿವರಿಸಿದಳು. ಅವರ ಭಾಷೆಯಲ್ಲಿ ‘ನೀ’ ಎಂದರೆ ನೀನು. ಹಿರಿಯರಿಗೆ ಮಾತ್ರ ‘ನಿನ್’. ನಮ್ಮ ‘ನೀವು’ ಇದ್ದ ಹಾಗೆ.

ಇದನ್ನು ಅಪ್ಪನಿಗೆ ಹೇಳಿದೆ. ಅವರು ಕಿಟಕಿ ಬಿಟ್ಟು ಈ ಕಡೆ ತಿರುಗಿದರು. “ಅಂದ್ರೆ ನಿಂಗೆ ‘ನೀ ಹಾವು’, ನಂಗೆ ‘ನಿನ್ ಹಾವು’. ಸರಿಯಾಗೇ ಹೇಳಿದ್ದಾಳೆ ಹುಡುಗಿ. ಹಾವು ನೀನು, ಸಾಕಿದವನು ನಾನು” ಎಂದು ತಮ್ಮ ಮಾತಿಗೆ ತಾವೇ ನಕ್ಕರು. ಲಿನ್‌ಗೆ ಅನುವಾದಿಸಿ ಹೇಳಿದೆ. ಅವಳು ಸ್ಟಿಯರಿಂಗ್ ಹಿಡಿದುಕೊಂಡೇ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು.

ಆಮೇಲಿನ ಮೂರು ವಾರ ನನಗೆ ಕಾರ್ಖಾನೆ ಬಿಟ್ಟರೆ ಬೇರೆ ನೆನಪಿಲ್ಲ. ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ ತೊಟ್ಟು ದಿನಕ್ಕೆ ಹನ್ನೆರಡು ಗಂಟೆ ಕಿಟಕಿಯಿಲ್ಲದ ಕೋಣೆಯಲ್ಲಿ. ಯಂತ್ರದ ಒಂದು ಪಂಪು ಎರಡು ದಿನ ಸರಿಯಿದ್ದರೆ ಮೂರನೆಯ ದಿನ ಕೆಡುತ್ತಿತ್ತು. ಉಪ್ಸಾಲಾದವರು ಫಿಕಾ ಎಂಬ ತಮ್ಮ ಕಾಫಿ ವಿರಾಮ ಮುಗಿಸಿ, ಲೋಟ ತೊಳೆದಿಟ್ಟು, ನಿಧಾನವಾಗಿ ಈಮೇಲಿಗೆ ಉತ್ತರ ಬರೆಯುವಷ್ಟರಲ್ಲಿ ಶಿಯಾನ್‌ನಲ್ಲಿ ಸಂಜೆಯಾಗಿರುತ್ತಿತ್ತು. ಹೊರಗೆ ಬಂದರೆ ಮಂಜೋ ಹೊಗೆಯೋ ತಿಳಿಯದ ಒಂದು ಬೂದು, ಅದರೊಳಗಿಂದ ಜಿಟಿಜಿಟಿ ಮಳೆ, ಕೊಡೆಗಳು, ಸದ್ದೇ ಇಲ್ಲದೆ ಮೈಮೇಲೆ ಬರುವ ಎಲೆಕ್ಟ್ರಿಕ್ ಸ್ಕೂಟರುಗಳು. ಮೆಟ್ರೋದಲ್ಲಿ ನಿಂತೇ ನಿದ್ದೆ ಮಾಡುವುದನ್ನು ಕಲಿತೆ. ನಿಲ್ದಾಣದಿಂದ ಕಂಪನಿ ಕೊಟ್ಟಿದ್ದ ಮನೆಗೆ ಬರುವ ಬೀದಿಯ ಎರಡೂ ಬದಿ ಕಬ್ಬಿಣದ ಕಡ್ಡಿಗೆ ಮಾಂಸ ಚುಚ್ಚಿ ಸುಡುವವರು. ಅವರು ಮುಷ್ಟಿ ಮುಷ್ಟಿ ಜೀರಿಗೆ ಎರಚುವ ವಾಸನೆ ನನ್ನ ಬಟ್ಟೆಗೆ ಹತ್ತಿಕೊಂಡು ಇಪ್ಪತ್ತಮೂರನೆಯ ಮಹಡಿಯವರೆಗೆ ನನ್ನ ಜೊತೆಗೇ ಬರುತ್ತಿತ್ತು. “ಅನ್ನಪೂರ್ಣೇಶ್ವರಿ ಬಂದ್ಲು” ಎನ್ನುತ್ತ ಅಪ್ಪ ಬಾಗಿಲು ತೆಗೆಯುತ್ತಿದ್ದರು.

ಅಪ್ಪ ನನಗಿಂತ ಚೆನ್ನಾಗಿ ಆ ಊರಿನಲ್ಲಿ ಬದುಕಿದರು. ಬೆಳಗ್ಗೆ ಎದುರಿನ ಪಾರ್ಕಿಗೆ ಹೋಗುವರು. ಅಲ್ಲಿ ಮುದುಕರು ಉದ್ದನೆ ಕೋಲಿನ ಕುಂಚವನ್ನು ನೀರಿನಲ್ಲಿ ಅದ್ದಿ ಕಲ್ಲುಹಾಸಿನ ಮೇಲೆ ಅಕ್ಷರ ಬರೆಯುತ್ತಿದ್ದರಂತೆ. ಒಂದು ದಿನ ಕುಂಚವನ್ನು ಅಪ್ಪನ ಕೈಗೂ ಕೊಟ್ಟರಂತೆ. ಅಪ್ಪ ‘ಶ್ರೀ’ ಬರೆದಾಗ ಎಲ್ಲರೂ ಸುತ್ತ ನಿಂತು ಚಪ್ಪಾಳೆ ತಟ್ಟಿದರಂತೆ. ಮಾಂಸ ಬೇಡ, ಮೊಟ್ಟೆ ಬೇಡ ಎಂದು ಲಿನ್ ಚೀನೀ ಅಕ್ಷರಗಳಲ್ಲಿ ಒಂದು ಚೀಟಿ ಬರೆದುಕೊಟ್ಟಿದ್ದಳು. ಅದನ್ನು ತೋರಿಸಿ ಬೆಲ್ಟಿನಷ್ಟು ಅಗಲದ ನೂಡಲ್ಸ್ ತಿಂದು ಬರುತ್ತಿದ್ದರು. ಸಂಜೆ ಇದನ್ನೆಲ್ಲ ಹೇಳುವರು. ಮರುದಿನ ಸಂಜೆ ಅದೇ ಕಥೆಯನ್ನು ಮೊದಲ ಸಲ ಎಂಬಂತೆ ಮತ್ತೆ ಹೇಳುವರು. ‘ಹೂಂ’ ಎನ್ನುತ್ತ ನಾನು ಲ್ಯಾಪ್‌ಟಾಪ್ ನೋಡುತ್ತಿದ್ದೆ. ಒಂಟಿಯಾಗಿರುತ್ತಾರೆ, ಹೇಳಲಿಕ್ಕೆ ಬೇರೆ ಇನ್ನೇನಿದೆ ಪಾಪ, ಎಂದುಕೊಂಡೆ. ಮಾತಿನ ಕೊನೆಗೆ ದಿನವೂ ಒಂದು ಪ್ರಶ್ನೆ: “ಸೈನಿಕರನ್ನ ನೋಡೋಕೆ ಯಾವತ್ತು ಹೋಗೋದು?”

ಅಕ್ಟೋಬರ್ ಮೊದಲ ವಾರ ಅಲ್ಲಿ ದೇಶಕ್ಕೆಲ್ಲ ರಜೆ, ಕಾರ್ಖಾನೆ ಮುಚ್ಚುತ್ತದೆ. ಆಗಲೇ ಹೋಗೋಣ ಎಂದೆ. ಲಿನ್ ಬೇಡವೇ ಬೇಡ ಎಂದಳು. “ಆ ವಾರ ಇಡೀ ಚೀನಾ ಅಲ್ಲಿರುತ್ತದೆ.” ನಾನು ಕೇಳಲಿಲ್ಲ. ಮೈಸೂರು ದಸರಾ ನೋಡಿದವನಿಗೆ ಜನಜಂಗುಳಿ ಹೊಸದೇನಮ್ಮ ಎಂದು ಜಂಭ ಕೊಚ್ಚಿದೆ. ಸ್ವೀಡನ್ನಿನಲ್ಲಿ, ಬಸ್‌ಸ್ಟಾಪಿನಲ್ಲೂ ಒಬ್ಬರಿಗೊಬ್ಬರು ಎರಡು ಮೀಟರ್ ದೂರ ನಿಲ್ಲುವವರ ನಡುವೆ ಹನ್ನೊಂದು ವರ್ಷ ಕಳೆದಿದ್ದೇನೆ, ಜನರ ಅಭ್ಯಾಸವೇ ಹೋಗಿದೆ ಎಂಬುದು ತಲೆಗೆ ಬರಲಿಲ್ಲ. ಲಿನ್ ಪಾಪ, ತನ್ನ ರಜೆ ಬಿಟ್ಟು ನಮ್ಮ ಜೊತೆ ಹೊರಟಳು.

ಊರಿನಿಂದ ಅಲ್ಲಿಗೆ ಒಂದು ಗಂಟೆಯ ದಾರಿ. ಅವತ್ತು ಮೂರು ಗಂಟೆ ಹಿಡಿಯಿತು. ರಸ್ತೆ ಬದಿಯಲ್ಲಿ ದಾಳಿಂಬೆ ರಾಶಿ ಹಾಕಿಕೊಂಡು ಕೂತ ಹೆಂಗಸರು ನಮ್ಮ ಕಾರಿಗಿಂತ ಬೇಗ ಮುಂದೆ ಹೋಗುತ್ತಿದ್ದಾರೇನೋ ಅನ್ನಿಸುತ್ತಿತ್ತು. ಕಾರಿನಲ್ಲಿ ಅಪ್ಪ ಕೇಳಿದರು, “ಒಡೆದದ್ದನ್ನ ಎಲ್ಲಿ ಇಟ್ಟಿದ್ದಾರಂತೆ?” ಗೊತ್ತಿಲ್ಲ, ಹೋಗಿ ನೋಡೋಣ ಎಂದೆ. ಹತ್ತು ನಿಮಿಷಕ್ಕೆ ಮತ್ತೆ, “ಒಡೆದದ್ದನ್ನ ಎಲ್ಲಿ ಇಟ್ಟಿದ್ದಾರಂತೆ?” ಟಿಕೆಟ್ ಸಾಲಿನಲ್ಲೂ ಅದೇ, ತಪಾಸಣೆಯ ಸಾಲಿನಲ್ಲೂ ಅದೇ. ನನ್ನ ಫೋನು ಬೇರೆ ಬಡಿದುಕೊಳ್ಳುತ್ತಿತ್ತು. ರಜೆಯಾದರೂ ಯಂತ್ರ ತಂಪಾಗಿಡುವ ಭಾಗ ಆನ್ ಇತ್ತು, ಅದು ಎಚ್ಚರಿಕೆಯ ಸಂದೇಶ ಕಳಿಸುತ್ತಿತ್ತು.

ಸೈನಿಕರು ಸಿಕ್ಕ ಗುಂಡಿಗಳಲ್ಲಿ ಮೊದಲನೆಯದರ ಮೇಲೆ ಕಟ್ಟಿರುವ ಕಟ್ಟಡ ವಿಮಾನ ನಿಲ್ಲಿಸಬಹುದಾದಷ್ಟು ದೊಡ್ಡದು. ಒಳಗೆ ಹೋದದ್ದಲ್ಲ, ಜನ ನಮ್ಮನ್ನು ತಳ್ಳಿಕೊಂಡು ಹೋಗಿ ಬಿಟ್ಟರು. ಕಟಕಟೆಯ ಮುಂದೆ ಐದು ಸಾಲು ತಲೆಗಳು, ತಲೆಯ ಮೇಲೆ ಫೋನು ಹಿಡಿದ ಕೈಗಳು, ಕೂಗು, ಮಕ್ಕಳ ಅಳು. ಅದರಾಚೆ ಕೆಳಗೆ ಮಣ್ಣಿನ ಸೈನಿಕರು ಇದ್ದಿರಬೇಕು. ನನಗೆ ಕಂಡದ್ದು ಮುಂದಿನವನ ಟೋಪಿ. ಆಗ ಅಪ್ಪ ನನ್ನ ತೋಳು ಎಳೆದು ಕೇಳಿದರು.

“ಒಡೆದದ್ದನ್ನ ಎಲ್ಲಿ ಇಟ್ಟಿದ್ದಾರಂತೆ?”

ನನಗೆ ಏನಾಯಿತೋ. “ಸಾಕು ಮಾಡಪ್ಪಾ! ಎಷ್ಟು ಸಲ ಹೇಳ್ಬೇಕು ನಿಂಗೆ? ನೀನ್ ಸ್ವಲ್ಪ ಬಾಯ್ ಮುಚ್ಕೊಂಡು ಒಂದ್ ಕಡೆ ನಿಂತ್ಕೊ!”

ಎಷ್ಟು ಜೋರಾಗಿ ಹೇಳಿದೆನೆಂದರೆ ಸುತ್ತಲಿನವರು ತಿರುಗಿ ನೋಡಿದರು. ಅವರಿಗೆ ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ಅಪ್ಪ ನನ್ನ ತೋಳು ಬಿಟ್ಟರು. ಅವರ ಮುಖದಲ್ಲಿ ಸಿಟ್ಟು ಇದ್ದಿದ್ದರೆ ಚೆನ್ನಾಗಿತ್ತು, ಇರಲಿಲ್ಲ. ಕ್ಲಾಸಿನಲ್ಲಿ ಉತ್ತರ ತಪ್ಪು ಹೇಳಿದವರ ಹಾಗೆ ಕೆಳಗೆ ನೋಡಿದರು. ಹುಟ್ಟಿದಾಗಿನಿಂದ ಒಂದು ಸಲವೂ ಅವರನ್ನು ಏಕವಚನದಲ್ಲಿ ಮಾತಾಡಿಸಿರಲಿಲ್ಲ ನಾನು. ಅಷ್ಟರಲ್ಲಿ ಫೋನು ಮತ್ತೆ ಬಂತು. ಕಿವಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದೆ. ಎರಡು ನಿಮಿಷ ಇರಬಹುದು, ಮೂರು ಎನ್ನಿ. ತಿರುಗಿ ನೋಡಿದರೆ ಅಪ್ಪ ಇಲ್ಲ. ಲಿನ್ ನೀರು ತರಲು ಹೋದವಳು ಎರಡು ಬಾಟಲಿ ಹಿಡಿದು ಬಂದು, “ನಿಮ್ಮ ತಂದೆ ಎಲ್ಲಿ?” ಎಂದಳು.

ಎಪ್ಪತ್ತಾರು ವರ್ಷದ ಸಕ್ಕರೆ ಕಾಯಿಲೆಯ ಮನುಷ್ಯ. ಜೇಬಿನಲ್ಲಿ ಫೋನಿಲ್ಲ. ಭಾಷೆಯಿಲ್ಲ. ಇರುವುದು ಮಾಂಸ ಬೇಡ ಎಂಬ ಒಂದು ಚೀಟಿ.

ಜನರ ಹರಿವು ಒಂದೇ ದಿಕ್ಕಿಗೆ ಇತ್ತು, ಹಿಂದಕ್ಕೆ ಬರಲು ಬಿಡುತ್ತಿರಲಿಲ್ಲ. ನಾನು ಹೊರಗೆ ಹೋದೆ, ಮತ್ತೆ ಒಳಗೆ ಬಂದೆ, ಬಾಗಿಲಲ್ಲಿ ಹುಡುಕಿದೆ, ಶೌಚಾಲಯದಲ್ಲಿ ಹುಡುಕಿದೆ, ಬಿಳಿ ತಲೆ ಕಂಡಲ್ಲೆಲ್ಲ ಓಡಿದೆ. ಎಲ್ಲರೂ ಬಿಳಿ ತಲೆಯವರೇ ಎನ್ನಿಸಿತು. ಹೀಗೇ ಒಂದು ಗಂಟೆ ಕಳೆಯಿತು. ಲಿನ್ ನನ್ನನ್ನು ಮಾಹಿತಿ ಕೌಂಟರಿಗೆ ಎಳೆದುಕೊಂಡು ಹೋಗಿ ಅಲ್ಲಿನವರೊಡನೆ ವಾದ ಮಾಡಿದಳು. ಚೀನೀ ಭಾಷೆಯಲ್ಲಿ ಕೂಗಿದರೆ ಅವರಿಗೆ ಏನು ತಿಳಿಯುತ್ತದೆ, ಮಗನೇ ಹೇಳಲಿ ಎಂದು. ಮೈಕು ನನ್ನ ಮುಂದೆ ಬಂತು. “ಅಪ್ಪಾ, ನಾನು ಮಧು. ನೀವು ಎಲ್ಲಿದ್ದೀರೋ ಅಲ್ಲೇ ಇರಿ. ಅಪ್ಪಾ, ನೀವು ಅಲ್ಲೇ ನಿಂತಿರಿ, ನಾನು ಬರ್ತಿದೀನಿ” ಎಂದೆ. ನನ್ನ ದನಿ ಧ್ವನಿವರ್ಧಕದಲ್ಲಿ ಒಡೆದು, ಅಷ್ಟು ಸಾವಿರ ಜನರ ತಲೆಯ ಮೇಲೆ ಹೋಯಿತು. ಯಾರೂ ತಿರುಗಿ ನೋಡಲಿಲ್ಲ. ಅಳು ಬಂತು, ಅತ್ತುಬಿಟ್ಟೆ. ಮೈಕು ಇನ್ನೂ ಆನ್ ಇತ್ತು.

ಇನ್ನೂ ಅರ್ಧ ಗಂಟೆ ಕಳೆಯಿತು. ಲಿನ್ ನನ್ನನ್ನು ಒಂದು ಕಲ್ಲು ಬೆಂಚಿನ ಮೇಲೆ ಕೂರಿಸಿದಳು. “ಅವರಿಗೆ ಎಲ್ಲಿಗೆ ಹೋಗಬೇಕೆಂದಿತ್ತು?” ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅವಳು ನನ್ನನ್ನೇ ನೋಡಿದಳು. “ಬೆಳಗ್ಗಿನಿಂದ ಅವರು ಒಂದೇ ಮಾತು ಹೇಳುತ್ತಿದ್ದರಲ್ಲ. ನನಗೇ ಬಾಯಿಪಾಠ ಆಗಿದೆ” ಎಂದವಳು, ಅದನ್ನು ಹೇಳಿಯೂ ತೋರಿಸಿದಳು, “ವಡೆದದ್ದ ಎಲ್ಲಿ. ಅಂದರೆ ಏನು?”

ಅರ್ಥ ಹೇಳಿದೆ. ಗುಂಡಿಯ ಮುಂಭಾಗದಲ್ಲಿ ಸೈನಿಕರು ಸಾಲಾಗಿ ನಿಂತಿದ್ದಾರೆ, ಎಲ್ಲರೂ ಚಿತ್ರ ತೆಗೆಯುವುದು ಅವರದೇ. ಆದರೆ ಅವರು ಮಣ್ಣಿನಿಂದ ಎದ್ದು ನಿಂತವರಲ್ಲ. ಚೂರು ಚೂರಾಗಿ ಸಿಕ್ಕವರನ್ನು ವರ್ಷಗಟ್ಟಲೆ ಕೂತು ಜೋಡಿಸಿ ನಿಲ್ಲಿಸಿದ್ದಾರೆ. ಆ ಜೋಡಿಸುವ ಕೆಲಸ ಅದೇ ಕಟ್ಟಡದ ಹಿಂಭಾಗದಲ್ಲಿ, ಕಟಕಟೆಯ ಆಚೆ, ಎಲ್ಲರಿಗೂ ಕಾಣುವ ಹಾಗೆ ನಡೆಯುತ್ತದೆ ಎಂದು ಲಿನ್ ಹೇಳಿದಳು. ಓಡಿದೆವು.

ಅಪ್ಪ ಅಲ್ಲಿದ್ದರು. ಅಲ್ಲಿ ಜನ ಕಡಿಮೆ. ಯಾರೋ ಕಾವಲಿನವರು ಅವರಿಗೆ ಒಂದು ಪ್ಲಾಸ್ಟಿಕ್ ಸ್ಟೂಲು ಕೊಟ್ಟಿದ್ದರು. ಅದರ ಮೇಲೆ ಕೂತು, ಕಟಕಟೆಗೆ ಗಲ್ಲವೂರಿ, ಕೆಳಗೆ ನೋಡುತ್ತಿದ್ದರು. ತಲೆಯಿಲ್ಲದ ಮೈಗಳು, ಚೀಟಿ ಕಟ್ಟಿದ ತೋಳುಗಳು, ತಟ್ಟೆ ತಟ್ಟೆ ಚೂರುಗಳು. ರಜೆಯಾದ್ದರಿಂದ ಕೆಲಸದವರು ಯಾರೂ ಇರಲಿಲ್ಲ.

“ಬಂದ್ಯಾ. ನೋಡಿಲ್ಲಿ, ಆ ಮೂರನೇ ಮೈಗೆ ಇಟ್ಟಿರೋ ಭುಜ ಅದರದ್ದಲ್ಲ. ಅಂಚು ನೋಡು, ಕೂರಲ್ಲ” ಎಂದರು, ಈಗಷ್ಟೇ ನಾನು ಪಕ್ಕಕ್ಕೆ ಹೋಗಿ ಬಂದವನ ಹಾಗೆ.

ನಾನು ಅವರ ಕಾಲ ಹತ್ತಿರ ನೆಲದ ಮೇಲೆ ಕೂತೆ. ಲಿನ್ ಅವರ ಕೈಗೆ ನೀರು ಕೊಟ್ಟಳು. ಮೈಕಿನಲ್ಲಿ ಕರೆದೆನಲ್ಲ, ಕೇಳಿಸಲಿಲ್ಲವಾ ಎಂದು ಕೊನೆಗೆ ಕೇಳಿದೆ.

“ಕೇಳಿಸ್ತಪ್ಪ. ಯಾರೋ ಕನ್ನಡದವನು ಅಪ್ಪಾ ಅಪ್ಪಾ ಅಂತ ಅಳ್ತಿದ್ದ. ಪಾಪ, ಯಾರೋ ತಂದೇನ ಕಳ್ಕೊಂಡಿದ್ದಾನೆ ಅನ್ಕೊಂಡೆ.”

ನಾವಿಬ್ಬರೂ ನಕ್ಕೆವು. ನಿಜವಾಗಿ ನಕ್ಕೆವು, ಲಿನ್‌ಗೂ ಹೇಳಿ ಅವಳನ್ನೂ ನಗಿಸಿದೆವು. ಅದು ತಮಾಷೆಯಲ್ಲ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

ವಾಪಸ್ ಬರುವಾಗ ಕಾರಿನಲ್ಲಿ ನಾನೇ ಆ ಮಾತು ತೆಗೆದೆ. ಕ್ಷಮಿಸಿ ಎಂಬುದು ನಮ್ಮ ಮನೆಗಳಲ್ಲಿ ಬಳಸುವ ಮಾತಲ್ಲ. ಬಸ್ಸಿನಲ್ಲಿ ಕಾಲು ತುಳಿದವರಿಗೆ ಹೇಳುತ್ತೇವೆ, ಅಪ್ಪನಿಗೆ ಹೇಗೆ ಹೇಳುವುದೋ ಗೊತ್ತಿರಲಿಲ್ಲ. “ಅಪ್ಪ, ನಾನು ಆಗ, ನಿಮಗೆ...” ಎಂದು ತಡವರಿಸಿದೆ.

“ಬಿಡೋ. ಈ ಊರಲ್ಲಿ ನಿನ್ ಅಂದ್ರೆ ಮರ್ಯಾದೆ ಅಂತ ನೀನೇ ಹೇಳಿದ್ಯಲ್ಲ. ಹಾಗಂತಲೇ ತಗೊಂಡೆ” ಎಂದರು ಅಪ್ಪ. ಆಮೇಲೆ ಕಿಟಕಿಯ ಕಡೆ ತಿರುಗಿದರು. ಹೊರಗೆ ಮಳೆ ಜೋರಾಗಿತ್ತು. ಎರಡು ವಾರದ ನಂತರ ಅವರನ್ನು ಬೆಂಗಳೂರಿನ ವಿಮಾನ ಹತ್ತಿಸಿದೆ. ಅಲ್ಲಿಯೂ ಹೇಳಬೇಕೆಂದುಕೊಂಡಿದ್ದೆ, ಸಾಮಾನಿನ ತೂಕದ ಗಲಾಟೆಯಲ್ಲಿ ಆಗಲಿಲ್ಲ. ಊರಿಗೆ ಹೋದಾಗ ಹೇಳಿದರಾಯಿತು ಎಂದುಕೊಂಡೆ.

ಎರಡು ವರ್ಷದ ಮೇಲೆ ಅಕ್ಕ ಫೋನು ಮಾಡಿದಳು. ಅಪ್ಪ ಹಾಲು ತರಲು ಹೋದವರು ತಮ್ಮ ಬೀದಿಯೇ ತಿಳಿಯದೆ ನಿಂತಿದ್ದರಂತೆ. ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. ಕೇಳಿದ್ದನ್ನೇ ಕೇಳುವುದು, ಹೇಳಿದ್ದನ್ನೇ ಹೇಳುವುದು ಯಾವಾಗ ಶುರುವಾಯಿತು ಎಂದು ಕೇಳಿದರಂತೆ. “ನಿನ್ನ ಜೊತೆ ಚೀನಾದಲ್ಲಿದ್ದಾಗ ಏನಾದ್ರೂ ಗಮನಿಸಿದ್ಯೇನೋ?” ಎಂದಳು ಅಕ್ಕ. ಇಲ್ಲ ಎಂದೆ. ಹೌದು ಎಂದಿದ್ದರೆ ಮಿಕ್ಕಿದ್ದನ್ನೂ ಹೇಳಬೇಕಿತ್ತು. ಆ ಸುಳ್ಳನ್ನು ಇವತ್ತಿಗೂ ತಿದ್ದಿಲ್ಲ. ಅಪ್ಪನ ಕಾಯಿಲೆಯೇ ಅವತ್ತು ನನ್ನ ತೋಳು ಎಳೆದು ಕೇಳಿದ್ದು, ಅದಕ್ಕೇ ನಾನು ಬಾಯಿ ಮುಚ್ಚು ಎಂದದ್ದು. ವರ್ಷಕ್ಕೊಮ್ಮೆ ಮೈಸೂರಿಗೆ ಹೋಗುತ್ತೇನೆ. ಹೋದ ಸಲ ಅವರ ಕೈ ಹಿಡಿದುಕೊಂಡು ಕೂತು ಎಲ್ಲ ಹೇಳಿಬಿಟ್ಟೆ, ತಪ್ಪಾಯಿತು ಅಪ್ಪ ಎಂದೆ. ತುಂಬ ಗಮನವಿಟ್ಟು ಕೇಳಿದರು. “ನಿಮ್ಮ ತಂದೆ ದೊಡ್ಡವರು, ಮನಸ್ಸಿಗೆ ಹಚ್ಚಿಕೊಂಡಿರಲ್ಲ ಬಿಡಿ” ಎಂದು ನನಗೇ ಸಮಾಧಾನ ಹೇಳಿದರು.

ಊಟದ ಕೋಣೆಯ ಆ ಜೀರಿಗೆ ವಾಸನೆಯ ದಿನ ಸಂಜೆ ಬಸ್ಸಿಗೂ ಕಾಯದೆ, ಒದ್ದೆ ಸೈಕಲ್ ತುಳಿದುಕೊಂಡೇ ಮನೆಗೆ ಬಂದೆ. ಎಂದಿನ ಭಾನುವಾರದ ಕರೆಯವರೆಗೆ ತಡೆಯಲು ಆಗಲಿಲ್ಲ, ಮರುದಿನ ಬೆಳಗ್ಗೆಯೇ ಅಕ್ಕನಿಗೆ ವಿಡಿಯೋ ಕರೆ ಮಾಡಿದೆ. ಅವಳು ಫೋನನ್ನು ಅಪ್ಪನ ಮುಂದೆ ಹಿಡಿದಳು. ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು, ಅಂಗಿಯ ಕಾಲರು ಸರಿಮಾಡಿಕೊಂಡು ಕೈಮುಗಿದರು.

“ನಮಸ್ಕಾರ. ಎಲ್ಲಿಂದ ಮಾತಾಡ್ತಿದೀರಿ ನೀವು?”

“ಸ್ವೀಡನ್ನಿಂದ ಅಪ್ಪ.”

“ಓಹೋ, ಬಹಳ ದೂರ ಆಯ್ತಲ್ಲ. ನಿಮಗೆ ಅಲ್ಲಿ ಚಳಿ ಜಾಸ್ತಿಯೇನೋ.”

ಅಕ್ಕನಿಗೆ ತಡೆಯಲಾಗಲಿಲ್ಲ. “ಅಪ್ಪಾ, ಅದು ಮಧು. ನಿಮ್ಮ ಮಗ. ಮಗನಿಗೆ ಯಾರಾದ್ರೂ ನೀವು ಅಂತಾರಾ? ನೀನು ಅನ್ನಿ.”

ಅಪ್ಪ ಅವಳ ಕಡೆ ಬಾಗಿ, ನನಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಹೇಳಿದರು, “ಸುಮ್ನಿರಮ್ಮ. ಪರಸ್ಥಳದಲ್ಲಿರೋವ್ರು. ನೀನು ಗೀನು ಅಂದ್ಬಿಟ್ರೆ ಅವರ ಮನಸ್ಸಿಗೆ ಎಷ್ಟು ನೋವಾಗುತ್ತೆ ಗೊತ್ತಾ ನಿಂಗೆ?”